ದರಪಟ್ಟಿ ಒಂದು, ರೂಪ ಎರಡು
ಜಾಲತಾಣಕ್ಕೂ ಮೊಬೈಲ್ ಆ್ಯಪ್‌ಗೂ ಮಾಹಿತಿ ಒದಗಿಸುವ ಬಗೆ

ವರ್ತಕರಿಂದ ವರ್ತಕರಿಗೆ ನಡೆಯುವ ಮಾರಾಟದಲ್ಲಿ ಜಿಎಸ್‌ಟಿ ಇ-ಇನ್‌ವಾಯ್ಸ್ ಪದ್ಧತಿಯು 2020ರ ಅಕ್ಟೋಬರ್ 1ರಂದು 500 ಕೋಟಿ ರೂ. ಮೀರಿದ ವಹಿವಾಟಿನ ಸಂಸ್ಥೆಗಳಿಂದ ಆರಂಭವಾಯಿತು. 2023ರ ಆಗಸ್ಟ್ 1ರಿಂದ ಅದು 5 ಕೋಟಿ ರೂ. ಮೀರಿದವರಿಗೂ ಅನ್ವಯವಾಗಿದೆ. ಇಲ್ಲಿ ಒಂದೇ ಬಿಲ್ಲು ಎರಡು ರೂಪ ತಾಳುತ್ತದೆ. ನೋಂದಣಿ ಪೋರ್ಟಲ್‌ಗೆ ಹೋಗುವುದು ಯಂತ್ರ ಓದುವ ‘ಜೇಸನ್’ ಕಡತ. ಖರೀದಿದಾರರ ಕೈಸೇರುವುದು ಕ್ಯೂಆರ್ ಸಂಕೇತವುಳ್ಳ, ಮನುಷ್ಯರು ಓದುವ ಬಿಲ್ಲು. ರೂಪ ಬೇರೆಯಾದರೂ ಮೊತ್ತ ಒಂದೇ. ಸ್ವಂತ ಜಾಲತಾಣ ಹಾಗೂ ಆ್ಯಪ್ ಮೂಲಕ ಮಾರಾಟ ನಡೆಸುವ ಉದ್ಯಮಿಗಳು ಪಾಲಿಸಬೇಕಾದ ಸೂತ್ರವೂ ಇದೇ ಆಗಿದೆ.

ಎರಡು ಪಟ್ಟಿಯ ಅಪಾಯ

ಪಂಪ್‌ಸೆಟ್ ವಾಲ್ವ್ ತಯಾರಿಸುವ ಒಂದು ಸಣ್ಣ ಘಟಕವನ್ನು ಉದಾಹರಣೆಗಾಗಿ ಪರಿಗಣಿಸಬಹುದು. ಜಾಲತಾಣವನ್ನು ಒಬ್ಬರು, ಆ್ಯಪನ್ನು ಮತ್ತೊಬ್ಬರು ನಿರ್ಮಿಸಿದ್ದು, ಎರಡಕ್ಕೂ ಪ್ರತ್ಯೇಕ ದರಪಟ್ಟಿಗಳಿವೆ. ತಿಂಗಳ ಮೊದಲ ದಿನ ಡೀಲರ್ ರಿಯಾಯಿತಿಯನ್ನು ಶೇ. 12ರಿಂದ ಶೇ. 10ಕ್ಕೆ ಇಳಿಸಲಾಯಿತು. ಜಾಲತಾಣದಲ್ಲಿ ಬದಲಾವಣೆಯಾಯಿತು, ಆ್ಯಪ್‌ನಲ್ಲಿ ಆಗಲಿಲ್ಲ. 1,150 ರೂ. ದರದ 200 ವಾಲ್ವ್‌ಗಳಿಗೆ ಆ್ಯಪ್ ಮೂಲಕ ಬೇಡಿಕೆ ಬಂದರೆ ವ್ಯತ್ಯಾಸ 4,600 ರೂ. ಹಣ ಬಿಟ್ಟರೆ ನಷ್ಟ, ಕೇಳಿದರೆ ಡೀಲರರ ವಿಶ್ವಾಸಕ್ಕೆ ಧಕ್ಕೆ. ದಾಸ್ತಾನಿನ ಲೆಕ್ಕ ಎರಡಾದರೆ ಇನ್ನೂ ಕಷ್ಟ: ಉಳಿದಿರುವ ಕೊನೆಯ ಪೆಟ್ಟಿಗೆಯು ಇಬ್ಬರಿಗೆ ಮಾರಾಟವಾಗುತ್ತದೆ.

ಸರ್ವರ್ ಉತ್ತರಿಸುವ ಕ್ರಮ

ಬ್ರೌಸರ್‌ಗೆ ಬೇಕಾದುದು ಚಿತ್ರ, ವಿನ್ಯಾಸಗಳೊಡನೆ ಸಿದ್ಧವಾದ ಎಚ್‌ಟಿಎಂಎಲ್ ಪುಟ. ಆ್ಯಪ್‌ನ ವಿನ್ಯಾಸವು ಈಗಾಗಲೇ ಗ್ರಾಹಕರ ಫೋನಿನಲ್ಲಿರುವುದರಿಂದ ಅದಕ್ಕೆ ಸರಕಿನ ಹೆಸರು, ದರ, ದಾಸ್ತಾನುಗಳಷ್ಟೇ ಸಾಕು. ಇವನ್ನು ಹೆಸರು–ಮೌಲ್ಯಗಳ ಜೋಡಿಯಾಗಿ ಬರೆದಿಡುವ ಸರಳ ಪಠ್ಯರೂಪವೇ ಜೇಸನ್. ತನಗೆ ಬೇಕಾದ ರೂಪವನ್ನು ಕೋರಿಕೆಯೊಡನೆ ‘ಆ್ಯಕ್ಸೆಪ್ಟ್’ ಎಂಬ ಸೂಚನೆಯಲ್ಲಿ ತಿಳಿಸುವ ಏರ್ಪಾಡು ಜಾಲದ ಸಂವಹನ ನಿಯಮವಾದ ಎಚ್‌ಟಿಟಿಪಿಯಲ್ಲಿಯೇ ಇದೆ. ಸರ್ವರ್ ಒಂದೇ ದತ್ತಸಂಚಯವನ್ನು ನೋಡಿ, ಕೇಳಿದ ರೂಪದಲ್ಲಿ ಉತ್ತರಿಸುತ್ತದೆ. ಕೆಲವು ತಂತ್ರಜ್ಞರು ಇದರ ಬದಲು ಪುಟಕ್ಕೊಂದು, ಆ್ಯಪ್‌ಗೊಂದು ವಿಳಾಸವಿಡುತ್ತಾರೆ. ಕ್ರಮ ಯಾವುದೇ ಇರಲಿ, ಹಿಂಬದಿಯ ಲೆಕ್ಕ ಒಂದೇ ಇರತಕ್ಕದ್ದು.

ಒಂದು ಬಾಗಿಲು ಮುಚ್ಚಿದರೆ?

ಎರಡನ್ನೂ ನಡೆಸುವ ತೊಂದರೆಗಿಂತ ಒಂದನ್ನೇ ಉಳಿಸಿಕೊಳ್ಳುವುದು ಲೇಸೆಂಬ ವಾದವುಂಟು. ಬೆಂಗಳೂರಿನ ಉಡುಪು ಮಾರಾಟ ಸಂಸ್ಥೆ ಮಿಂತ್ರಾ 2015ರ ಮೇ ತಿಂಗಳಲ್ಲಿ ಜಾಲತಾಣವನ್ನು ಮುಚ್ಚಿ ಆ್ಯಪ್ ಒಂದನ್ನೇ ಇಟ್ಟುಕೊಂಡಿತ್ತು. 2016ರಲ್ಲಿ ಜಾಲತಾಣವನ್ನು ಮತ್ತೆ ತೆರೆಯಿತು. ಕಚೇರಿಯ ಗಣಕಯಂತ್ರದಲ್ಲಿ ಕುಳಿತು ದರ ಹೋಲಿಸುವ ಖರೀದಿ ಅಧಿಕಾರಿಯೂ, ಅಂಗಡಿಯಲ್ಲಿ ನಿಂತೇ ಬೇಡಿಕೆ ಕಳುಹಿಸುವ ಚಿಲ್ಲರೆ ವ್ಯಾಪಾರಿಯೂ ಗ್ರಾಹಕರೇ.

ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ರಿಯಾಯಿತಿ, ತೆರಿಗೆ ಹಾಗೂ ಸಾಗಣೆ ವೆಚ್ಚದ ಲೆಕ್ಕ ಸರ್ವರ್‌ನಲ್ಲಿಯೇ ನಡೆಯಬೇಕು. ಪುಟವೂ ಆ್ಯಪೂ ಫಲಿತಾಂಶವನ್ನು ತೋರಿಸಿದರೆ ಸಾಕು.

ಎರಡನೆಯದಾಗಿ, ಆ್ಯಪ್‌ಗೆ ಅಗತ್ಯವಿರುವಷ್ಟನ್ನೇ ಕಳುಹಿಸಬೇಕು. ಪಟ್ಟಿ ನೋಡುವಾಗಲೇ ಪ್ರತಿ ಸರಕಿನ ದೊಡ್ಡ ಚಿತ್ರ, ಪೂರ್ಣ ವಿವರಣೆ ಬಂದರೆ ದುರ್ಬಲ ಸಂಪರ್ಕದಲ್ಲಿ ಗ್ರಾಹಕರು ಕಾಯದೆ ಹೊರಟುಹೋಗುತ್ತಾರೆ.

ಮೂರನೆಯ ಅಂಶ ಅತಿ ಮುಖ್ಯ. ಜಾಲತಾಣವನ್ನು ಇಂದು ತಿದ್ದಿದರೆ ಇಂದೇ ಎಲ್ಲರಿಗೂ ಹೊಸದು ಕಾಣುತ್ತದೆ. ಆದರೆ ಆ್ಯಪ್‌ನ ಹಳೆಯ ಆವೃತ್ತಿ ಅನೇಕರ ಫೋನಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸರ್ವರ್ ಕಳುಹಿಸುವ ವಿವರಗಳಲ್ಲಿ ‘ದರ’ ಎಂಬ ಹೆಸರನ್ನು ಬದಲಿಸಿದರೆ ಆ ಹಳೆಯ ಆ್ಯಪ್‌ಗಳು ಒಮ್ಮೆಲೇ ಕೆಡುತ್ತವೆ. ಹೊಸ ವಿವರವನ್ನು ಸೇರಿಸಬಹುದು. ಹಳೆಯದನ್ನು ಮುನ್ಸೂಚನೆಯಿಲ್ಲದೆ ತೆಗೆಯಲಾಗದು.

ನಾಲ್ಕನೆಯದಾಗಿ, ಒಂದೇ ವಿಳಾಸದಿಂದ ಎರಡು ರೂಪ ನೀಡುವಾಗ ಉತ್ತರದೊಡನೆ ‘ವೇರಿ’ ಎಂಬ ಸೂಚನೆ ಇರಬೇಕು. ಇಲ್ಲವಾದರೆ ನಡುವೆ ಪ್ರತಿಗಳನ್ನು ಕೂಡಿಟ್ಟುಕೊಳ್ಳುವ ವ್ಯವಸ್ಥೆಯು ಆ್ಯಪ್‌ನ ಉತ್ತರವನ್ನು ಬ್ರೌಸರ್‌ಗೆ ನೀಡಿ, ಗ್ರಾಹಕರ ಮುಂದೆ ಪುಟದ ಬದಲು ಅಂಕಿ–ಆವರಣಗಳ ರಾಶಿಯನ್ನು ಇಡಬಹುದು.

ಇವೆಲ್ಲವನ್ನೂ ಉದ್ಯಮಿಯೇ ಕಲಿಯಬೇಕಿಲ್ಲ. ದರ ಬದಲಾದಾಗ ಎಷ್ಟು ಕಡೆ ತಿದ್ದಬೇಕು, ಹಳೆಯ ಆ್ಯಪ್ ಎಷ್ಟು ಕಾಲ ನಡೆಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ತಂತ್ರಾಂಶ ನಿರ್ಮಿಸುವವರಿಗೆ ಕೇಳಿ, ಉತ್ತರವನ್ನು ಕರಾರುಪತ್ರದಲ್ಲಿ ಬರೆಸಿಕೊಳ್ಳಬೇಕು. ಮೊದಲ ಪ್ರಶ್ನೆಗೆ ‘ಒಂದೇ ಕಡೆ’ ಎಂಬ ಉತ್ತರ ಬಾರದಿದ್ದರೆ ಮುಂಗಡ ನೀಡುವ ಮುನ್ನ ಮತ್ತೊಮ್ಮೆ ಯೋಚಿಸುವುದು ಒಳಿತು.