ಮೂರನೆಯ ದಿನದ ತಂದೆ

ವಿದರ್ಭದ ಹಳ್ಳಿಗಳಿಂದಲೂ ಗಡಿಯಾಚೆಯ ಛಿಂದವಾಡಾ, ಬಾಲಾಘಾಟಗಳ ಕಡೆಯಿಂದಲೂ ಸಂತಾನಾಪೇಕ್ಷೆಯನ್ನು ಹೊತ್ತು ನಾಗಪುರಕ್ಕೆ ಬಂದು, ಧಂತೋಲಿ, ರಾಮದಾಸಪೇಟೆಗಳ ಆಸ್ಪತ್ರೆಗಳಲ್ಲಿ ಸರದಿಗಾಗಿ ಕಾದು ಕುಳಿತ ದಂಪತಿಗಳಲ್ಲಿ, ಸ್ಕ್ಯಾನಿಂಗು, ರಕ್ತಪರೀಕ್ಷೆಗಳ ದಪ್ಪ ಕಡತವು ಹೆಂಡತಿಯದಾಗಿದ್ದು ಗಂಡನದು ಹೆಚ್ಚೆಂದರೆ ಒಂದು ಹಾಳೆಯಾಗಿರುವುದು ನಮ್ಮ ದೇಶದ ಸಾಮಾನ್ಯ ರೀತಿ. ಸಂತಾನಹೀನತೆಯ ಪ್ರಸಂಗಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಪುರುಷನ ಪಾಲೂ ಉಂಟೆಂಬುದನ್ನು ವೈದ್ಯರು ಬಲ್ಲರು. ಮನೆಯ ಹಿರಿಯರು ಇನ್ನೂ ಒಪ್ಪಿಲ್ಲ.

ವೃಷಣಗಳು ಶರೀರದ ಒಳಗಣ ಉಷ್ಣಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿದ್ದಾಗಲೇ ತಮ್ಮ ಕಾರ್ಯವನ್ನು ಸುಸೂತ್ರವಾಗಿ ನಡೆಸಬಲ್ಲವು. ಬೇಸಗೆಯಲ್ಲಿ 45 ಡಿಗ್ರಿ ದಾಟುವ ನಾಗಪುರದಂತಹ ಊರಿನಲ್ಲಿ, ಅದರಲ್ಲಿಯೂ ಕುಲುಮೆಯ ಮುಂದೆ ನಿಲ್ಲುವವನಿಗೆ, ಇದು ಉಪೇಕ್ಷಿಸತಕ್ಕ ಸಂಗತಿಯಲ್ಲ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನಗಳೂ, ಪಕ್ವವಾಗಿ ಹೊರಬರಲು ಮತ್ತೆ ಕೆಲವು ದಿನಗಳೂ ಬೇಕಾಗುವುದರಿಂದ, ವೈಶಾಖದಲ್ಲಿ ಬಂದ ತೀವ್ರ ಜ್ವರದ ಫಲ ಆಷಾಢದ ಪರೀಕ್ಷೆಯಲ್ಲಿ ತೋರೀತು. ವಿಶ್ವ ಆರೋಗ್ಯ ಸಂಸ್ಥೆಯು 2021ರ ಕೈಪಿಡಿಯಲ್ಲಿ ಕೊಟ್ಟಿರುವ ಕೆಳಮಿತಿಗಳು, ಅಂದರೆ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳು, ಅವುಗಳಲ್ಲಿ ಚಲಿಸುವವು ಶೇಕಡಾ 42, ಸರಿಯಾದ ಆಕಾರದವು ಶೇಕಡಾ 4, ಪುರುಷತ್ವದ ತೀರ್ಪುಗಳಲ್ಲ. ಅದಕ್ಕಿಂತ ಕಡಿಮೆಯಿದ್ದೂ ತಂದೆಯಾದವರುಂಟು.

1992ರಲ್ಲಿ ಬ್ರಸೆಲ್ಸಿನ ವಿಜ್ಞಾನಿಗಳು ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಕ್ಕೆ ಸೇರಿಸುವ ‘ಇಕ್ಸಿ’ ವಿಧಾನದಿಂದ ಗರ್ಭ ನಿಂತುದನ್ನು ಪ್ರಕಟಿಸಿದ ಮೇಲೆ, ಗಂಡಸಿನ ಕೊರತೆಗೆಲ್ಲ ಪರಿಹಾರ ದೊರೆಯಿತೆಂಬ ಭಾವನೆ ಹರಡಿತು. ಆದರೆ ಅಂಡವನ್ನು ಹೊಕ್ಕಷ್ಟರಿಂದಲೇ ವೀರ್ಯಾಣುವಿನ ಹೊಣೆ ತೀರುವುದಿಲ್ಲ. ನಿದ್ರಿಸುವ ಅಂಡವನ್ನು ಎಬ್ಬಿಸುವ ಪ್ರೋಟೀನನ್ನೂ, ಜೀವಕೋಶದ ವಿಭಜನೆಗೆ ಅವಶ್ಯವಾದ ಕೇಂದ್ರಕಣವನ್ನೂ ತರುವುದು ಅದೇ. ಹದಿನಾರು ಹದಿನೆಂಟು ಗಂಟೆಗಳಲ್ಲಿ ತಾಯಿಯ ಮತ್ತು ತಂದೆಯ ಎರಡು ಕೋಶಕೇಂದ್ರಗಳು ಸೂಕ್ಷ್ಮದರ್ಶಕದಲ್ಲಿ ಕಾಣುವುವು. ಎರಡನೆಯ ದಿನ ನಾಲ್ಕು, ಮೂರನೆಯ ದಿನ ಎಂಟು ಕೋಶಗಳು. ಅಷ್ಟರವರೆಗೂ ಭ್ರೂಣವು ಬಹುಪಾಲು ತಾಯಿ ಕಟ್ಟಿಕೊಟ್ಟ ಬುತ್ತಿಯನ್ನುಂಡು ಬೆಳೆಯುವುದು. ಆ ಬುತ್ತಿ ಮುಗಿದು ಭ್ರೂಣದ ಸ್ವಂತ ವಂಶವಾಹಿಗಳು ಕಾರ್ಯಾರಂಭ ಮಾಡುವ ಆ ಹೊತ್ತಿಗೆ ತಂದೆಯ ಡಿಎನ್‌ಎ ತುಂಡಾಗಿದ್ದರೆ, ಅದುವರೆಗೆ ಚೆಲುವಾಗಿ ಬೆಳೆದಿದ್ದ ಭ್ರೂಣವೂ ಐದನೆಯ ದಿನದ ಬ್ಲಾಸ್ಟೊಸಿಸ್ಟ್ ಹಂತವನ್ನು ಮುಟ್ಟದೆ ನಿಂತುಹೋಗಬಹುದು. ಅಂಡಕ್ಕೆ ಇಂತಹ ಗಾಯವನ್ನು ಹೊಲಿಯುವ ಶಕ್ತಿಯುಂಟು, ಆದರೆ ಹೆಣ್ಣಿನ ವಯಸ್ಸು ಏರಿದಂತೆ ಅದು ಕುಂದುವುದು. ಆದುದರಿಂದ ದೋಷವನ್ನು ಗಂಡನೊಬ್ಬನ ಮೇಲೆಯೇ ಹೊರಿಸುವುದೂ ನ್ಯಾಯವಲ್ಲ.

ನಾಗಪುರಕ್ಕೆ ಸಮೀಪದ ಸೇವಾಗ್ರಾಮದಲ್ಲಿ ಡಾ. ಸುಶೀಲಾ ನಾಯರ್ 1969ರಲ್ಲಿ ಸ್ಥಾಪಿಸಿದ ಮಹಾತ್ಮಾ ಗಾಂಧಿ ವೈದ್ಯಕೀಯ ಸಂಸ್ಥೆಯ ಸಂಶೋಧಕರು, ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದ ಮಧ್ಯಭಾರತದ ಪುರುಷರಲ್ಲಿ ವೈ ವರ್ಣತಂತುವಿನ ಸೂಕ್ಷ್ಮಲೋಪಗಳನ್ನು ಹುಡುಕಿದ್ದಾರೆ. ಇಂತಹ ಲೋಪಗಳಲ್ಲಿ ಕೆಲವು ಇದ್ದವರಲ್ಲಿ ವೃಷಣದಿಂದ ವೀರ್ಯಾಣುವನ್ನು ತೆಗೆದು ಇಕ್ಸಿ ಮಾಡಬಹುದು. ಆದರೆ ಗಂಡುಮಗು ಹುಟ್ಟಿದರೆ ತಂದೆಯ ಲೋಪ ಅದಕ್ಕೂ ಬರುವುದು. ಇದನ್ನು ದಂಪತಿಗಳಿಗೆ ಮೊದಲೇ ತಿಳಿಸುವುದು ವೈದ್ಯಧರ್ಮ.

ಇನ್ನು ವ್ಯಾಪಾರದ ಮಾತು. ವೀರ್ಯಾಣುವಿನ ಡಿಎನ್‌ಎ ತುಂಡಾಗಿದೆಯೇ ಎಂದು ನೋಡುವ ಪರೀಕ್ಷೆಯನ್ನು ಬಂದವರಿಗೆಲ್ಲ ಮಾಡಿಸಲು ಆಧಾರ ಸಾಲದು. ಪದೇ ಪದೇ ಗರ್ಭಪಾತವಾದಾಗ ಅದಕ್ಕೆ ಅರ್ಥವಿದೆ. ವೀರ್ಯವೃದ್ಧಿಯ ಮಾತ್ರೆಗಳ ವಿಷಯದಲ್ಲಿ ನನಗೆ ನಂಬಿಕೆ ಕಡಿಮೆ. ತಂಬಾಕು, ಅಡಕೆಯೊಡನೆ ತಂಬಾಕು ಬೆರೆಸಿದ ಖರ್ರಾ ಬಿಟ್ಟು ಮೂರು ತಿಂಗಳು ತಾಳುವುದು ಅದಕ್ಕಿಂತ ಅಗ್ಗ. ಹೆಂಡತಿಯನ್ನು ಶಸ್ತ್ರಚಿಕಿತ್ಸೆಯ ಕೊಠಡಿಗೆ ಕಳುಹಿಸುವ ಮುನ್ನ ಗಂಡನು ತನ್ನ ವೀರ್ಯಪರೀಕ್ಷೆಯನ್ನು ಮಾಡಿಸಿಕೊಳ್ಳಲಿ. ದೋಷ ಕಂಡರೆ ಗಾಬರಿಗೊಳ್ಳದೆ ಇನ್ನೊಮ್ಮೆ ಮಾಡಿಸಲಿ.