ನಿಮಗಿದು ಗೊತ್ತೆ? ಆ ನಂಬರು ಬರೆದವರು ಯಾರು?

ದೊಡ್ಡ ಕಚೇರಿಯ ಯಾವ ಮೇಜಿನಿಂದ ಕರೆ ಬಂದರೂ ನಿಮ್ಮ ಮೊಬೈಲಿನಲ್ಲಿ ಮೂಡುವುದು ಸಾಮಾನ್ಯವಾಗಿ ಒಂದೇ ನಂಬರು. ಅದು ಫೋನಿಗೆ ಅಂಟಿಕೊಂಡದ್ದಲ್ಲ, ಕಚೇರಿಯ ಪಿಬಿಎಕ್ಸ್ ಎಂಬ ಆಂತರಿಕ ಫೋನ್ ವ್ಯವಸ್ಥೆಯಲ್ಲಿ ಯಾರೋ ಟೈಪ್ ಮಾಡಿಟ್ಟದ್ದು. ಆಸ್ಟೆರಿಸ್ಕ್ ಎಂಬ ಉಚಿತ ತಂತ್ರಾಂಶದಲ್ಲಾದರೆ ಒಂದು ಸಾಲಿನ ಆದೇಶ ಸಾಕು. 214ನೇ ಎಕ್ಸ್‌ಟೆನ್ಷನ್‌ನಿಂದ ಹೊರಟ ಕರೆಗೆ ಕಂಪನಿಯ ಮುಖ್ಯ ನಂಬರನ್ನೂ ತೊಡಿಸಬಹುದು, ಆ ಮೇಜಿನದೇ ನೇರ ನಂಬರನ್ನೂ ತೊಡಿಸಬಹುದು.

ಇಂಟರ್‌ನೆಟ್ ಮೂಲಕ ಸಾಗುವ ಸಿಪ್ ಕರೆಯಲ್ಲಿ 'ಫ್ರಮ್' ಎಂಬ ಸಾಲಿರುತ್ತದೆ. ಅಲ್ಲಿ ಕಂಪನಿ ಬರೆದದ್ದೇ ಬರಹ! ಟೆಲಿಕಾಂ ಜಾಲ ತಾನು ಖಚಿತಪಡಿಸಿಕೊಂಡ ಗುರುತನ್ನು ದಾಟಿಸಲು 'ಪಿ-ಅಸರ್ಟೆಡ್-ಐಡೆಂಟಿಟಿ' ಎಂಬ ಇನ್ನೊಂದು ಸಾಲು 2002ರಲ್ಲಿ ಬಂತು. ಎಚ್ಚರದ ಟೆಲಿಕಾಂ ಸಂಸ್ಥೆ, ಗ್ರಾಹಕನಿಗೆ ಸೇರದ ನಂಬರು ಕಂಡರೆ ಕರೆ ತಡೆಯುತ್ತದೆ, ಇಲ್ಲವೇ ನಂಬರನ್ನೇ ಬದಲಿಸುತ್ತದೆ. ಎಲ್ಲರೂ ಅಷ್ಟು ಎಚ್ಚರವಾಗಿಲ್ಲ. ವಂಚಕರಿಗೆ ಬೇಕಾದದ್ದೂ ಅದೇ.

ಹಾಗಾಗಿ ಅಮೆರಿಕ 'ಸ್ಟರ್-ಶೇಕನ್' ಎಂಬ ಡಿಜಿಟಲ್ ಸಹಿ ತಂದಿತು. ದೊಡ್ಡ ಟೆಲಿಕಾಂ ಕಂಪನಿಗಳಿಗೆ 2021ರ ಜೂನ್ 30 ಗಡುವಾಗಿತ್ತು. ಗ್ರಾಹಕನೂ ನಂಬರೂ ಖಚಿತವಾದರೆ 'ಎ' ದರ್ಜೆ, ಗ್ರಾಹಕ ಮಾತ್ರ ಗೊತ್ತಿದ್ದರೆ 'ಬಿ', ಎಲ್ಲಿಂದಲೋ ಬಂದದ್ದನ್ನು ದಾಟಿಸಿದ್ದಷ್ಟೇ ಆದರೆ 'ಸಿ'. ಅಲ್ಲಿ ಕರೆ ಮಾಡಿದವರ ಹೆಸರಿನ ಕಥೆ ಇನ್ನೂ ತಮಾಷೆ. ಹೆಸರು ಸಾಮಾನ್ಯವಾಗಿ ಕರೆಯ ಜೊತೆ ಬರುವುದೇ ಇಲ್ಲ. ಕರೆ ಸ್ವೀಕರಿಸುವ ಕಡೆಯ ಕಂಪನಿ ಅದನ್ನು ದತ್ತಾಂಶ ಸಂಗ್ರಹದಿಂದ ಹುಡುಕಿ ತರುತ್ತದೆ, ಅದೂ 15 ಅಕ್ಷರಗಳೊಳಗೆ. ಉದ್ದ ಹೆಸರಿನ ಕಂಪನಿಗೆ ಬಾಲ ಕತ್ತರಿ!

ಭಾರತದಲ್ಲಿ ನಂಬರಿನ ಆರಂಭವೇ ಸುಳಿವು: 140 ಎಂದಿದ್ದರೆ ಪ್ರಚಾರದ ಕರೆ, 1600 ಎಂದಿದ್ದರೆ ಬ್ಯಾಂಕು, ವಿಮೆ, ಸರ್ಕಾರದಂಥವರ ಸೇವಾ ಕರೆ.