ಅಳುಬುರುಕ ಕೂಸು

ಗಿಲಕಿಯ ಸದ್ದಿಗೆ ಒಂದು ಕೂಸು ನಗುತ್ತದೆ. ಇನ್ನೊಂದು ಕೈಕಾಲು ಬಡಿದು ಅಳುತ್ತದೆ. ಎರಡನೆಯದನ್ನು ತಾಯಿಯ ಮುದ್ದೇ ಕೆಡಿಸಿತೆಂದು ನಾವು ದೂರುವುದು ವಾಡಿಕೆ. ಈ ದೂರು ಅನ್ಯಾಯದ್ದು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ಜೆರೋಮ್ ಕೇಗನ್ ಅವರು 4 ತಿಂಗಳ ಕೂಸುಗಳಿಗೆ ಹೊಸ ಆಟಿಕೆ, ದನಿ, ವಾಸನೆಗಳನ್ನು ಒಡ್ಡಿ ನೋಡಿದಾಗ ನೂರಕ್ಕೆ ಸುಮಾರು 20 ಕೂಸುಗಳು ಹೀಗೆಯೇ ತಲ್ಲಣಿಸಿದವು. ಮಿದುಳಿನೊಳಗಣ ಅಮಿಗ್ಡಲವೆಂಬ, ಬಾದಾಮಿಯಾಕಾರದ ಭಾಗವು ಇಂಥವರಲ್ಲಿ ಬೇಗ ಕೆರಳುವುದೆಂದು ಅವರು ತರ್ಕಿಸಿದರು. ಎರಡನೆಯ ವಯಸ್ಸಿನಲ್ಲಿ ಹೊಸದಕ್ಕೆ ಅಳುಕುತ್ತಿದ್ದವರ ಅಮಿಗ್ಡಲವು ಪ್ರಾಯದಲ್ಲಿಯೂ ಅಪರಿಚಿತ ಮುಖಗಳಿಗೆ ಹೆಚ್ಚು ಚುರುಕಾದುದನ್ನು 2003ರ ಪರೀಕ್ಷೆಯೊಂದು ತೋರಿಸಿತು. ತಂದೆಯ ಮೂಗನ್ನು ಪಡೆದ ಮಗು ಅವನ ಅಳುಕನ್ನೂ ಪಡೆದರೆ ಸೋಜಿಗವೇನು? ಬ್ರಿಟನ್ನಿನ ಹದಿಹರೆಯದ ಅವಳಿಗಳನ್ನು ಕುರಿತ 2020ರ ಅಧ್ಯಯನದಂತೆ, ಸೂಕ್ಷ್ಮತೆಯಲ್ಲಿ ಜನರ ನಡುವಣ ವ್ಯತ್ಯಾಸದ ನೂರಕ್ಕೆ 47 ಪಾಲು ವಂಶವಾಹಿಗಳದು. ಉಳಿದುದು, ಒಂದೇ ಮನೆಯಲ್ಲಿ ಬೆಳೆದರೂ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಒದಗುವ ಅನುಭವಗಳದು.